ಫೀನಿಕ್ಸ್ ಕಡೆ ಮನೆಯೊಳಗೇ ಚೇಳು, ಹಾವು ಬರುತ್ತವಂತೆ, ನಿಜವಾ?

ನಿಮ್ಮ ಪ್ರಶ್ನೆ ಇದು: ಜೂನ್‌ನಲ್ಲಿ ಬೆಂಗಳೂರಿನಿಂದ ಅಮೆರಿಕದ ಅರಿಜೋನಾಗೆ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ಗೆ ಬರುತ್ತಿದ್ದೀರಿ, ಜೊತೆಗೆ ಎರಡು ವರ್ಷದ ಮಗು, ಒಂದು ಪುಟ್ಟ ನಾಯಿ, ಮರುಭೂಮಿಯ ಪ್ರಾಣಿಗಳಿಗೆ ಎಷ್ಟು ಹೆದರಬೇಕು ಅಂತ.

ಚೇಳು ನಿಜ. ಹಾವು ಅಪರೂಪ. ನಾನು ನಾಲ್ಕು ವರ್ಷ ಚಾಂಡ್ಲರ್‌ನಲ್ಲಿದ್ದೆ, ಈಗ ಏಳು ವರ್ಷದಿಂದ ಅಹ್ವಾಟುಕಿಯಲ್ಲಿ, ಅಂದರೆ ಸೌತ್ ಮೌಂಟನ್ ಗುಡ್ಡದ ಬುಡದಲ್ಲಿದ್ದೇನೆ. ಆ ಗುಡ್ಡದ ಪಾರ್ಕ್ ಹದಿನಾರು ಸಾವಿರ ಎಕರೆಗೂ ಜಾಸ್ತಿ, ಅದರ ಪಕ್ಕ ಮನೆ ಮಾಡಿದ ಮೇಲೆ ಯಾರು ಯಾರ ಮನೆಗೆ ಬಂದರು ಅಂತ ಜಗಳ ಆಡೋ ಹಾಗಿಲ್ಲ.

ಇಲ್ಲಿ ದೊಡ್ಡ ಪ್ರಾಣಿಗಳನ್ನು ನೋಡಿ ಎಲ್ಲರೂ ಕಿರುಚುತ್ತಾರೆ. ನಿಮ್ಮ ಮಗುವಿಗೆ ನಿಜವಾಗಿ ತೊಂದರೆ ಕೊಡಬಲ್ಲದ್ದು ಎರಡು-ಮೂರು ಇಂಚಿನ, ಒಣಹುಲ್ಲಿನ ಬಣ್ಣದ ತೆಳ್ಳನೆಯ ಚೇಳು. ಬಾರ್ಕ್ ಸ್ಕಾರ್ಪಿಯನ್ ಅಂತಾರೆ. ಅಮೆರಿಕದ ಚೇಳುಗಳಲ್ಲಿ ಅತಿ ಹೆಚ್ಚು ವಿಷ ಇದಕ್ಕೇ. (ನಮ್ಮ ಕಡೆಯ ಕೆಂಪು ಚೇಳು ಇದಕ್ಕಿಂತ ಕೆಟ್ಟದ್ದು, ಅದರ ಜೊತೆ ಇಷ್ಟು ವರ್ಷ ಬದುಕಿದ್ದೀರಿ, ಸಮಾಧಾನ ಮಾಡಿಕೊಳ್ಳಿ.) ಇದು ಗೋಡೆ ಹತ್ತುತ್ತದೆ, ವಸ್ತುಗಳ ಅಡಿಗೆ ತಲೆಕೆಳಗಾಗಿ ಅಂಟಿಕೊಂಡಿರುತ್ತದೆ. ಅಂದರೆ ಹೂಕುಂಡ ಎತ್ತುವಾಗ ನೆಲ ನೋಡಿದರೆ ಸಾಲದು, ನಿಮ್ಮ ಬೆರಳು ಹೋಗುವ ಜಾಗದಲ್ಲೇ ಅದು ಕೂತಿರಬಹುದು. ನಾನು ತಿಪಟೂರು ಕಡೆಯವನು, ತೆಂಗಿನ ಮಟ್ಟೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟು ಅಂತ ಅಜ್ಜಿ ಬೈದು ಬೈದು ಕಲಿಸಿದ್ದರು. ಇಲ್ಲಿ ಬಂದು ಅದನ್ನೇ ಮರೆತಿದ್ದೆ.

ನನಗೆ ಕಚ್ಚಿದ್ದು, ಅಂದರೆ ಕುಟುಕಿದ್ದು, ಸ್ನಾನದ ಟವೆಲ್‌ನಿಂದ. ರಾತ್ರಿ ಹತ್ತೂವರೆ, ಭುಜಕ್ಕೆ. ಮೊದಲು ಸಿಗರೇಟಿನಿಂದ ಸುಟ್ಟ ಹಾಗೆ, ಆಮೇಲೆ ಕೈಪೂರ್ತಿ ಜುಮು ಜುಮು, ಕರೆಂಟ್ ಹರಿದ ಹಾಗೆ. ಊತ ಹೆಚ್ಚೇನೂ ಇರಲಿಲ್ಲ. ಹೆಂಡತಿ 1-800-222-1222ಕ್ಕೆ ಫೋನ್ ಮಾಡಿದಳು. ಇದು ವಿಷದ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಸೋಪು ನೀರಿನಲ್ಲಿ ತೊಳೆಯಿರಿ, ತಣ್ಣನೆ ಬಟ್ಟೆ ಇಡಿ, ನೋವಿನ ಮಾತ್ರೆ ತಗೊಳ್ಳಿ ಅಂದರು, ಅಷ್ಟೇ. ಜುಮ್ಮೆನ್ನುವುದು ಹೋಗಲು ಎರಡು ದಿನ ಹಿಡಿಯಿತು. ದೊಡ್ಡವರಿಗೆ ಸಾಮಾನ್ಯವಾಗಿ ಇಷ್ಟೇ.

ಮಗುವಿಗೆ ಹಾಗಲ್ಲ. ಕಣ್ಣುಗುಡ್ಡೆ ಎತ್ತೆತ್ತಲೋ ಓಡುವುದು, ಜೊಲ್ಲು ಸುರಿಯುವುದು, ಕೈಕಾಲು ಅದುರುವುದು, ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಒಂದು ಕಂಡರೂ ಯೋಚನೆ ಮಾಡುತ್ತಾ ಕೂರಬೇಡಿ, 911ಕ್ಕೆ ಫೋನ್ ಮಾಡಿ. ಔಷಧಿ ಇದೆ. ಅನಾಸ್ಕಾರ್ಪ್ ಅನ್ನುವ ಇಂಜೆಕ್ಷನ್‌ಗೆ 2011ರಲ್ಲಿ ಇಲ್ಲಿ ಅನುಮತಿ ಸಿಕ್ಕಿತು, ಅದು ಬೇಗನೆ ಕೆಲಸ ಮಾಡುತ್ತದೆ.

ಬರುತ್ತಿದ್ದ ಹಾಗೆ ಒಂದು ಬ್ಲ್ಯಾಕ್‌ಲೈಟ್ ಟಾರ್ಚ್, ಅಂದರೆ ನೇರಳಾತೀತ (ಯುವಿ) ಬೆಳಕಿನ ಟಾರ್ಚ್ ತಗೊಳ್ಳಿ. ಆ ಬೆಳಕು ಬಿದ್ದರೆ ಚೇಳು ಹಸಿರಾಗಿ ಹೊಳೆಯುತ್ತದೆ, ಹಬ್ಬದ ಸೀರಿಯಲ್ ಸೆಟ್ಟಿನ ಹಾಗೆ. ಮೊದಲ ರಾತ್ರಿ ನನ್ನ ಹಿತ್ತಲಿನ ಕಾಂಪೌಂಡ್ ಗೋಡೆ ಮೇಲೆ ಹದಿನಾಲ್ಕು ಎಣಿಸಿದೆ, ನಿದ್ದೆ ಬರಲಿಲ್ಲ. ಹಾಲೋ ಬ್ಲಾಕ್ ಗೋಡೆಯ ಪೊಳ್ಳಿನಲ್ಲೇ ಅವುಗಳ ಸಂಸಾರ. ಒಳಗೆ ಬರುವುದು ಬಾಗಿಲ ಕೆಳಗಿನ ಸಂದಿಯಿಂದ, ಹಾಗಾಗಿ ಅಲ್ಲಿ ರಬ್ಬರ್ ಪಟ್ಟಿ ಹಾಕಿಸಿ. ಕ್ರಿಮಿನಾಶಕ ಹೊಡೆಯುವವರು ಒಂದೇ ಸಲಕ್ಕೆ ಎಲ್ಲ ಸಾಯುತ್ತವೆ ಅಂದರೆ ನಂಬಬೇಡಿ. ಜಿರಳೆ, ಮಿಡತೆ ಕಮ್ಮಿಯಾದರೆ ಊಟ ಇಲ್ಲದೆ ಚೇಳೂ ಕಮ್ಮಿಯಾಗುತ್ತವೆ, ಅಷ್ಟೇ ಲೆಕ್ಕ. ಮಗುವಿನ ಮಂಚ ಗೋಡೆಗೆ ತಾಗದಿರಲಿ, ಹೊದಿಕೆ ನೆಲಕ್ಕೆ ಇಳಿಬೀಳದಿರಲಿ. ಮಂಚದ ಕಾಲುಗಳನ್ನು ಗಾಜಿನ ಜಾಡಿಗಳೊಳಗೆ ಇಡಿ, ನುಣುಪು ಗಾಜನ್ನು ಅದು ಹತ್ತಲಾರದು. ಇರುವೆ ಬರದಿರಲಿ ಅಂತ ಅಮ್ಮಂದಿರು ನೀರಿನ ತಟ್ಟೆಯಲ್ಲಿ ಬೆಲ್ಲದ ಪಾತ್ರೆ ಇಡುತ್ತಿದ್ದರಲ್ಲ, ಅದೇ ಉಪಾಯ.

ಹಾವಿನ ವಿಷಯ. ಚಾಂಡ್ಲರ್ ಮಧ್ಯದಲ್ಲಿ ನಾಲ್ಕು ವರ್ಷ ಇದ್ದೂ ಒಂದನ್ನೂ ನೋಡಲಿಲ್ಲ. ಇಲ್ಲಿಗೆ ಬಂದ ಮೇಲೆ ಒಂದೇ ಸಲ, ಗ್ಯಾರೇಜ್ ಬಾಗಿಲ ಪಕ್ಕ ಡೈಮಂಡ್‌ಬ್ಯಾಕ್ ಗಿಲಕಿ ಹಾವು (ರ್ಯಾಟಲ್‌ಸ್ನೇಕ್), ಅಂದರೆ ಬಾಲ ಅದುರಿಸಿ ಸದ್ದು ಮಾಡುವ ವಿಷದ ಹಾವು. ಗಿಲಕಿ ಸದ್ದು ಮಗುವಿನ ಆಟಿಕೆಯ ಥರ ಅಂತ ಅಂದುಕೊಂಡಿದ್ದೆ, ಅಲ್ಲ, ಎಣ್ಣೆಯಲ್ಲಿ ಏನೋ ಚುರ್ ಅಂತ ಹುರಿದ ಹಾಗಿರುತ್ತದೆ. ಆಗ ಊರಿಂದ ಅಮ್ಮ ಬಂದಿದ್ದರು. ಕಿಟಕಿ ಗಾಜಿನ ಹಿಂದೆ ನಿಂತು ಕೈ ಮುಗಿದು "ನಿನ್ನ ಪಾಡಿಗೆ ನೀನು ಹೋಗಪ್ಪ" ಅಂದರು. ನನಗೆ ಸಲಿಕೆ ತರುವ ಯೋಚನೆ ಬಂದಿತ್ತು, ಅಮ್ಮ ಬಿಡಲಿಲ್ಲ, ಒಳ್ಳೆಯದೇ ಆಯಿತು, ಏಕೆಂದರೆ ಇಲ್ಲಿ ಎಷ್ಟೋ ಜನ ಕಚ್ಚಿಸಿಕೊಳ್ಳುವುದು ಹಾವನ್ನು ಹಿಡಿಯಲು, ಕೊಲ್ಲಲು ಹೋಗಿಯೇ. ಹಾವು ಹಿಡಿಯುವವರಿಗೆ ಫೋನ್ ಮಾಡಿದ ಮೇಲೆ ಒಬ್ಬರು ಉದ್ದನೆಯ ಇಕ್ಕಳ, ಮುಚ್ಚಳದ ಬಕೆಟ್ ಹಿಡಿದು ಬಂದರು, ಎರಡು ನಿಮಿಷದ ಕೆಲಸ, ಗುಡ್ಡದ ಕಡೆಗೇ ಒಯ್ದು ಬಿಟ್ಟರು. ಒಂದು ಮಾತು, ಗೋಫರ್ ಹಾವು ಅಂತ ಇನ್ನೊಂದಿದೆ, ವಿಷ ಇಲ್ಲ, ಆದರೆ ಬಾಲ ಅದುರಿಸಿ ತಲೆ ಅಗಲಿಸಿ ಗಿಲಕಿ ಹಾವಿನ ನಾಟಕ ಆಡುತ್ತದೆ. ಇಲಿ ತಿನ್ನುತ್ತದೆ, ಬಿಟ್ಟುಬಿಡಿ.

ಈಗ ಹಾವೆಲೀನಾ. ಜಾವೆಲೀನಾ ಅಂತ ಬರೆದು ಹಾವೆಲೀನಾ ಅಂತ ಓದಬೇಕು, ಸ್ಪ್ಯಾನಿಶ್ ಹೆಸರು. ಹೆಸರಲ್ಲಿ ಹಾವಿದ್ದರೂ ನೋಡಲು ಹಂದಿ, ಇಲ್ಲಿಯವರನ್ನು ಕೇಳಿದರೆ ಹಂದಿಯೂ ಅಲ್ಲ, ಅದರ ದೂರದ ನೆಂಟ. ಗುಂಪಾಗಿ ಬರುತ್ತವೆ, ಕಣ್ಣು ಮಂದ, ಮೂಗು ಚುರುಕು, ಪಾಪಾಸುಕಳ್ಳಿಯನ್ನು ಮುಳ್ಳು ಸಮೇತ ತಿನ್ನುತ್ತವೆ. ಆ ವರ್ಷ ಆಯುಧಪೂಜೆಗೆ ಕಾರಿನ ಮುಂದೆ ಬೂದುಗುಂಬಳ ಒಡೆದು, ಬೆಳಿಗ್ಗೆ ತೆಗೆದರಾಯಿತು ಅಂತ ಮಲಗಿದೆ. ರಾತ್ರಿ ಎರಡಕ್ಕೆ ಕ್ಯಾಮೆರಾ ಬಡಿದುಕೊಂಡಿತು, ನೋಡಿದರೆ ಏಳು ಹಾವೆಲೀನಾ, ಎರಡು ಮರಿ, ಕುಂಕುಮ ಹಚ್ಚಿದ ಹೋಳುಗಳನ್ನು ಕರಕರ ಅಗಿಯುತ್ತಿವೆ. ಅಮ್ಮನಿಗೆ ಭಾರೀ ಖುಷಿ, ದೃಷ್ಟಿಯೆಲ್ಲಾ ತಗೊಂಡು ಹೋದವು ಕಣೋ ಅಂದರು. ನನಗೆ ಖುಷಿ ಆಗಲಿಲ್ಲ, ಏಕೆಂದರೆ ಇಲ್ಲಿ ಕಾಡುಪ್ರಾಣಿಗೆ ಬೇಕಂತಲೇ ತಿನ್ನಲು ಹಾಕುವುದು ಕಾನೂನಿಗೆ ವಿರುದ್ಧ, ಹಕ್ಕಿಗಳಿಗೆ, ಮರದ ಅಳಿಲುಗಳಿಗೆ ಕಾಳು ಹಾಕಬಹುದು ಅಷ್ಟೇ. ಮುಂದಿನ ಹತ್ತು ದಿನ ದಿನಾ ಬಂದು ಅದೇ ಜಾಗ ಮೂಸಿ, ಏನೂ ಸಿಗದೆ ನನ್ನ ಗೆಣಸಿನ ಕುಂಡ ಉರುಳಿಸಿ ಹೋದವು. ಚಾಂಡ್ಲರ್ ಊರೊಳಗೆ ಇವು ಕಾಣುವುದಿಲ್ಲ ಬಿಡಿ, ಗುಡ್ಡದ ಅಂಚಿನ ಬಡಾವಣೆಗಳ ಕಥೆ ಇದು. ಎದುರಾದರೆ ದೂರದಿಂದಲೇ ಗದ್ದಲ ಮಾಡಿ ದಾರಿ ಬಿಡಿ, ಮರಿ ಮತ್ತು ಅವುಗಳ ನಡುವೆ ಮಾತ್ರ ನಿಲ್ಲಬೇಡಿ.

ನಾಯಿ ಜೊತೆಗಿದ್ದರೆ ಇನ್ನೂ ದೂರ, ಅವುಗಳಿಗೆ ನಾಯಿ ಅಂದರೆ ಕಯೋಟಿ ಇದ್ದ ಹಾಗೆ, ಮೈಮೇಲೆ ಬರುತ್ತವೆ. ಕಯೋಟಿ ಅಂದರೆ ನಮ್ಮ ನರಿ-ತೋಳದ ನಡುವಿನ ಗಾತ್ರದ್ದು, ಅದು ಚಾಂಡ್ಲರ್‌ನಲ್ಲೂ ಕಾಲುವೆ ದಂಡೆ ಹಿಡಿದು ಓಡಾಡುತ್ತದೆ, ಆರಡಿ ಗೋಡೆಯನ್ನೂ ಹಾರುತ್ತದೆ. ಪುಟ್ಟ ನಾಯಿಯನ್ನು ರಾತ್ರಿ ಹಿತ್ತಲಿಗೆ ಒಂಟಿಯಾಗಿ ಬಿಡಲೇಬೇಡಿ. ಎದುರು ಬಂದರೆ ಓಡದೆ, ಕೈ ಎತ್ತಿ ಜೋರಾಗಿ ಬೈಯಿರಿ, ಕನ್ನಡದಲ್ಲಿ ಬೈದರೂ ಹೋಗುತ್ತದೆ, ನೋಡಿದ್ದೇನೆ.

ನೀವು ಬರುವ ಹೊತ್ತಿಗೆ ಮಳೆಗಾಲ ಶುರು, ಜೂನ್ 15ರಿಂದ ಸೆಪ್ಟೆಂಬರ್ ಕೊನೆವರೆಗೆ ಅಂತ ಲೆಕ್ಕ, ಹೆಸರಿಗೆ ಮಾತ್ರ ಮಳೆಗಾಲ. ಮೊದಲ ಮಳೆಗೆ ಅಂಗೈ ಅಗಲದ ಹಸಿರು ಕಪ್ಪೆಗಳು ನೆಲದಿಂದ ಏಳುತ್ತವೆ. ಸೊನೋರನ್ ಡೆಸರ್ಟ್ ಟೋಡ್ ಅಂತ ಹೆಸರು. ಅದರ ಚರ್ಮದಲ್ಲಿ ವಿಷ ಇದೆ, ನಾಯಿ ಬಾಯಿ ಹಾಕಿದರೆ ಪ್ರಾಣಕ್ಕೇ ಅಪಾಯ. ಹಾಗೇನಾದರೂ ಆದರೆ ನಾಯಿಯ ಮೂತಿ ಕೆಳಗೆ ಬಗ್ಗಿಸಿ, ನೀರು ಗಂಟಲಿಗೆ ಹೋಗದ ಹಾಗೆ ಪೈಪಿನಿಂದ ಬಾಯಿ ತೊಳೆದು, ಒಸಡು ಒರೆಸಿ, ತಕ್ಷಣ ಪಶುವೈದ್ಯರ ಹತ್ತಿರ ಓಡಿ. ಹಗಲು ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಹತ್ತಿರದಲ್ಲಿ ಯಾವುದಿದೆ ಅಂತ ಮನೆ ಬಾಡಿಗೆಗೆ ಹಿಡಿದ ವಾರವೇ ನೋಡಿಟ್ಟುಕೊಳ್ಳಿ.