ಪ್ರೋಗ್ರಾಂ ಓಡುವಾಗಲೇ ಹೊಸ ಕ್ಲಾಸ್ ಮಾಡಬಹುದೇ?

ಪ್ರಶ್ನೆ: ನಾನು ಬದಿಯಡ್ಕದವ. ಅಡಿಕೆ ಖರೀದಿಯ ಲೆಕ್ಕಕ್ಕೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಹೀಗೆ ಅಡಿಕೆಯ ಎಲ್ಲ ಬಗೆಗೂ ಬೇರೆ ಬೇರೆ ಕ್ಲಾಸ್ (ವಿವರ, ಲೆಕ್ಕದ ಕ್ರಮ ಇರುವ ಅಚ್ಚು) ಇದೆ. ಹೊಸ ಬಗೆ ಸೇರಿದಾಗಲೆಲ್ಲ ಕೋಡ್ ತಿದ್ದಬೇಕು. ಎಕ್ಸೆಲ್ ಫೈಲ್‌ನಿಂದ ಹೆಸರು ಓದಿ ಕ್ಲಾಸ್ ತಾನಾಗಿ ತಯಾರಾಗುವಂತೆ ಮಾಡಬಹುದೇ? ಎಕ್ಸೆಕ್ ಬಳಸು ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ಖಂಡಿತ ಮಾಡಬಹುದು, ಆದರೆ ಎಕ್ಸೆಕ್ ಬೇಡವೇ ಬೇಡ. ಕೊಟ್ಟ ಅಕ್ಷರಗಳನ್ನೆಲ್ಲ ಅದು ಕೋಡ್ ಅಂತಲೇ ಓಡಿಸುತ್ತದೆ. ಎಕ್ಸೆಲ್ ಫೈಲ್‌ನಲ್ಲಿ ಯಾರು ಏನು ಬರೆದಿರುತ್ತಾರೋ! ದುಡ್ಡಿನ ಲೆಕ್ಕದಲ್ಲಿ ಅಷ್ಟು ನಂಬುವುದು ಸರಿಯಲ್ಲ.

ಕ್ಲಾಸ್ ಎಂಬ ಅಚ್ಚಿನಿಂದ ಮಾಡಿದ್ದು ಆಬ್ಜೆಕ್ಟ್, ಆದರೆ ಪೈಥಾನ್‌ನಲ್ಲಿ ಕ್ಲಾಸ್ ಕೂಡ ಒಂದು ಆಬ್ಜೆಕ್ಟೇ. ಅದನ್ನು ಮಾಡುವುದು 'ಟೈಪ್'. ಇದಕ್ಕೆ ಒಂದು ಆರ್ಗ್ಯುಮೆಂಟ್ ಕೊಟ್ಟರೆ ಆಬ್ಜೆಕ್ಟ್ ಯಾವ ಕ್ಲಾಸಿನದು ಅಂತ ಹೇಳುತ್ತದೆ, ಮೂರು ಕೊಟ್ಟರೆ ಹೊಸ ಕ್ಲಾಸನ್ನೇ ಮಾಡಿಕೊಡುತ್ತದೆ: ಮೊದಲು ಹೆಸರು, ಆಮೇಲೆ ಮೂಲ ಕ್ಲಾಸ್‌ಗಳ ಟ್ಯೂಪಲ್ (ಆವರಣದೊಳಗಿನ ಪಟ್ಟಿ), ಕೊನೆಗೆ ಮೆಥಡ್ (ಕ್ಲಾಸಿನ ಫಂಕ್ಷನ್) ಮತ್ತಿತರ ವಿವರಗಳ ಡಿಕ್ಷನರಿ (ಹೆಸರು ಕೊಟ್ಟರೆ ಅದರ ಬೆಲೆ ಸಿಗುವ ಪಟ್ಟಿ). ಹೆಸರು 'ಪಟೋರ' ಅಂತ ಕನ್ನಡದಲ್ಲೇ ಇರಲಿ, ಪೈಥಾನ್ 3ಕ್ಕೆ ಏನೂ ತೊಂದರೆಯಿಲ್ಲ. ಮೂಲ ಕ್ಲಾಸ್ ಒಂದೇ ಇದ್ದರೂ ಟ್ಯೂಪಲ್‌ನಲ್ಲಿ ಅದರ ನಂತರ ಕಾಮಾ ಹಾಕಿ, ಇಲ್ಲದಿದ್ದರೆ ಎರರ್ ಬರುತ್ತದೆ. ತಯಾರಾದ ಕ್ಲಾಸ್‌ಗಳನ್ನು ಹೆಸರಿನ ಪ್ರಕಾರ ಒಂದು ಡಿಕ್ಷನರಿಯಲ್ಲಿ ಇಟ್ಟುಕೊಳ್ಳಿ.

ಜಾಸ್ತಿ ಜನ ಎಡವುವುದು ಲೂಪ್‌ನಲ್ಲಿ. ಒಂದೊಂದು ಬಗೆಗೂ ಲೂಪ್ ಒಳಗೇ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆದು ಅದರಲ್ಲಿ 'ದರ' ಅನ್ನುವ ವೇರಿಯಬಲ್ ಬಳಸಿದರೆ, ಬರೆದಾಗಿನ ದರ ಅದರಲ್ಲಿ ಉಳಿಯುವುದಿಲ್ಲ. ಕರೆದಾಗ ಆ ವೇರಿಯಬಲ್‌ನಲ್ಲಿ ಏನಿದೆಯೋ ಅದೇ ಸಿಗುತ್ತದೆ, ಲೂಪ್ ಮುಗಿದ ಮೇಲೆ ಅದರಲ್ಲಿರುವುದು ಕೊನೆಯ ಬಗೆಯ ದರ. ಫೈಲ್‌ನಲ್ಲಿ ಕರಿಗೋಟು ಕೊನೆಗಿದ್ದರೆ ಪಟೋರಕ್ಕೂ ಕರಿಗೋಟಿನ ದರವೇ ಬೀಳುತ್ತದೆ! ಎರರ್ ಕೂಡ ಬರುವುದಿಲ್ಲ, ತಂದ ಕೃಷಿಕರಿಗೆ ಸುಮ್ನೆ ನಷ್ಟ. ಹಾಗಾಗಿ ದರವನ್ನು ಆ ಮೂರನೆಯ ಡಿಕ್ಷನರಿಯಲ್ಲಿ ಕ್ಲಾಸಿನ ಗುಣವಾಗಿ ಕೊಡಿ. ಲೆಕ್ಕ ಮಾಡುವ ಮೆಥಡ್ಡನ್ನು ಮೂಲ ಕ್ಲಾಸಿನಲ್ಲಿ ಒಂದೇ ಸಲ ಬರೆಯಿರಿ, ಅದು 'ಸೆಲ್ಫ್' (ಅಂದರೆ ಆಯಾ ಆಬ್ಜೆಕ್ಟ್) ಮೂಲಕ ದರ ಓದಲಿ. ಮೆಥಡ್ ಅಲ್ಲೇ ಇದ್ದರೆ ಇನ್ನೊಂದು ಲಾಭವೂ ಇದೆ: ಮೇಲಿನ ಕ್ಲಾಸಿನ ಮೆಥಡ್ ಕರೆಯಲು ಬಳಸುವ 'ಸೂಪರ್' ಅನ್ನು ಖಾಲಿ ಆವರಣ ಹಾಕಿ ಅಲ್ಲಿ ಕರೆಯಬಹುದು, ಕ್ಲಾಸಿನ ಹೊರಗೆ ಬರೆದು ಸೇರಿಸಿದ ಫಂಕ್ಷನ್‌ನಲ್ಲಿ ಹಾಗೆ ಕರೆದರೆ ನಡೆಯುವುದಿಲ್ಲ.

ಆದರೆ ನಿಮ್ಮ ಬಗೆಗಳಲ್ಲಿ ಬೇರೆಯಾಗಿರುವುದು ಹೆಸರು, ದರ ಮಾತ್ರ ಅಲ್ವಾ? ಹಾಗಿದ್ದರೆ ಇಷ್ಟೆಲ್ಲ ಬೇಡ, 'ಅಡಿಕೆ' ಅಂತ ಒಂದೇ ಕ್ಲಾಸ್ ಇಟ್ಟು ಬಗೆಗೊಂದು ಆಬ್ಜೆಕ್ಟ್ ಮಾಡಿದರೆ ಸಾಕು. ಲೆಕ್ಕದ ಕ್ರಮವೇ ಬೇರೆಯಿದ್ದಾಗ ಮಾತ್ರ ಹೊಸ ಕ್ಲಾಸ್ ಮಾಡಿ. ಆಗಲೂ ಆ ಆಬ್ಜೆಕ್ಟ್‌ಗಳನ್ನು ಪಿಕಲ್ (ಆಬ್ಜೆಕ್ಟನ್ನು ಫೈಲ್‌ಗೆ ಉಳಿಸುವ ಪೈಥಾನ್ ಸೌಲಭ್ಯ) ಮಾಡಿ ಉಳಿಸಬೇಡಿ. ಪಿಕಲ್ ಕ್ಲಾಸನ್ನು ಉಳಿಸುವುದಿಲ್ಲ, ಅದರ ಮಾಡ್ಯೂಲ್ (ಕೋಡ್ ಇರುವ ಫೈಲ್) ಮತ್ತು ಹೆಸರನ್ನಷ್ಟೇ ಬರೆದಿಡುತ್ತದೆ. ಓಡುವಾಗ ಮಾಡಿದ ಆ ಹೆಸರಿನ ಕ್ಲಾಸ್ ಮಾಡ್ಯೂಲ್‌ನಲ್ಲಿ ಸಿಗದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಬಗೆಯ ಹೆಸರು, ತೂಕ, ದರ ಇಷ್ಟನ್ನು ಜೇಸನ್‌ (JSON, ಮಾಹಿತಿಯನ್ನು ಸರಳ ಅಕ್ಷರಗಳಲ್ಲಿ ಬರೆದಿಡುವ ವಿಧಾನ) ರೂಪದಲ್ಲಿ ಉಳಿಸಿ, ಓದುವಾಗ ನಿಮ್ಮ ಡಿಕ್ಷನರಿಯಿಂದ ಕ್ಲಾಸ್ ಹುಡುಕಿಕೊಳ್ಳಿ.