ಹಿಮೋಗ್ಲೋಬಿನ್ ಏರಿದ ಮೇಲೂ ಕೊಲೊನೋಸ್ಕೋಪಿ ಬೇಕೇ?

ತಂದೆಗೆ 63 ವರ್ಷ, 8.6ಕ್ಕೆ ಇಳಿದಿದ್ದ ಹಿಮೋಗ್ಲೋಬಿನ್ ಕಬ್ಬಿಣದ ಮಾತ್ರೆಯಿಂದ 11ಕ್ಕೆ ಏರಿದೆ, ಹೊಟ್ಟೆನೋವಿಲ್ಲ, ಮಲದಲ್ಲಿ ರಕ್ತ ಕಂಡಿಲ್ಲ, ಆದರೂ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಏಕೆ ಎಂದು ಕೇಳಿದ್ದೀರಿ. ಮಾಡಿಸಿ. ನಾನು ಡಾಕ್ಟರಲ್ಲ, ಮಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಆದರೆ ನೀವು ಬರೆದದ್ದು ನನ್ನ ಸೋದರಮಾವನ ಕತೆಯೇ.

ಮಾವ ದಿನಾ ಬೆಳಗ್ಗೆ ಕದ್ರಿ ದೇವಸ್ಥಾನದ ಹಿಂದಿನ ಮೆಟ್ಟಿಲು ಹತ್ತುವವರು. ಒಂದು ಮಳೆಗಾಲದಲ್ಲಿ ಅರ್ಧಕ್ಕೇ ಕುಳಿತುಕೊಳ್ಳತೊಡಗಿದರು. ವಯಸ್ಸಾಯಿತು ಎಂದರು. ನೋಡಿದರೆ ಹಿಮೋಗ್ಲೋಬಿನ್ 8.2, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಬರೀ 6. ಅತ್ತೆ ಒಂದೆಲಗದ ತಂಬುಳಿ, ಹರಿವೆ ಪಲ್ಯ, ಬೀಟ್‌ರೂಟ್ ರಸ ಶುರು ಮಾಡಿದರು. ಮಾತ್ರೆಯೂ ಸೇರಿ ಮೂರು ತಿಂಗಳಲ್ಲಿ 11.5 ಆಯಿತು. ಎಲ್ಲರಿಗೂ ಸಮಾಧಾನ, ನನಗೂ. ದಿನವಿಡೀ ರಿಪೋರ್ಟು ನೋಡುವವನೇ ಏರಿದ ಅಂಕಿ ಕಂಡು ಸುಮ್ಮನಾದೆ. ರಕ್ತ ಹೋಗುತ್ತಿರುವುದು ಎಲ್ಲಿಗೆ ಎಂದು ಕೇಳಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ 9.

ಲೆಕ್ಕ ಸರಳವಿದೆ. ದೇಹ ಆಹಾರದಿಂದ ದಿನಕ್ಕೆ ಹೀರಿಕೊಳ್ಳುವ ಕಬ್ಬಿಣ ಒಂದೆರಡು ಮಿಲಿಗ್ರಾಂ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಇರುತ್ತದೆ. ದಿನಕ್ಕೆ ಒಂದು ಚಿಕ್ಕ ಚಮಚ, ಅಂದರೆ 5 ಮಿಲಿಲೀಟರ್ ಸೋರಿದರೂ ಎರಡೂವರೆ ಮಿಲಿಗ್ರಾಂ ಹೋಯಿತು. ಹರಿವೆ ಅದನ್ನು ತುಂಬಿಕೊಡಲಾರದು. ದೊಡ್ಡ ಕರುಳಿನ ಬಲಭಾಗ ಅಗಲವಾದದ್ದು, ಅಲ್ಲಿ ಮಲ ಇನ್ನೂ ನೀರು ನೀರಾಗಿರುತ್ತದೆ. ಗಡ್ಡೆ ಬೆಳೆದರೂ ಬಹಳ ಕಾಲ ದಾರಿ ಕಟ್ಟದೆ, ನೋವೂ ಕೊಡದೆ ಇರಬಹುದು. ಜಿನುಗಿದ ರಕ್ತ ಮಲದಲ್ಲಿ ಬೆರೆತು ಕಣ್ಣಿಗೆ ಬೀಳುವುದಿಲ್ಲ. ಕಬ್ಬಿಣದ ಮಾತ್ರೆ ಹೇಗೂ ಮಲವನ್ನು ಕಪ್ಪಾಗಿಸುವುದರಿಂದ ಬಣ್ಣ ನೋಡಿ ಹೇಳುವುದೂ ಕಷ್ಟ. ಕೊಲೊನೋಸ್ಕೋಪಿ ಮಾಡಿದಾಗ ಮಾವನಿಗೆ ಕ್ಯಾನ್ಸರ್ ಗಡ್ಡೆ ಇದ್ದದ್ದು ಅಲ್ಲಿಯೇ. ಆ ಭಾಗವನ್ನು ಕತ್ತರಿಸಿ ತೆಗೆದರು, ಬೇರೆಡೆಗೆ ಹರಡಿರಲಿಲ್ಲ. ಈಗ ಮೆಟ್ಟಿಲು ಹತ್ತುತ್ತಾರೆ, ನಿಧಾನವಾಗಿ.

ನಿಮ್ಮ ತಂದೆಗೂ ಕ್ಯಾನ್ಸರ್ ಇದೆ ಎನ್ನುತ್ತಿಲ್ಲ. ಹೆಚ್ಚಿನವರಲ್ಲಿ ಇರುವುದಿಲ್ಲ, ಜಠರದ ಹುಣ್ಣು, ವರ್ಷಗಟ್ಟಲೆ ನುಂಗಿದ ಮಂಡಿನೋವಿನ ಮಾತ್ರೆ, ಬರಿಗಾಲಲ್ಲಿ ತೋಟದಲ್ಲಿ ಓಡಾಡುವವರಿಗೆ ಕೊಕ್ಕೆಹುಳು, ಹೀಗೆ ಕಾರಣಗಳು ಹಲವು. ಆದರೆ ಮೂಲವ್ಯಾಧಿ ಇರಬೇಕು ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಮಲದಲ್ಲಿ ಗುಪ್ತ ರಕ್ತದ ಪರೀಕ್ಷೆ ಒಮ್ಮೆ ನೆಗೆಟಿವ್ ಬಂದರೂ ನಂಬಿ ಕೂರಬೇಡಿ, ಈ ರಕ್ತ ಕೆಲವು ದಿನ ಜಿನುಗುತ್ತದೆ, ಕೆಲವು ದಿನ ಇಲ್ಲ. ಮುಟ್ಟು ನಿಂತ ಹೆಂಗಸರಿಗೂ ಇದೇ ಮಾತು.

ಪರೀಕ್ಷೆಗಿಂತ ಅದಕ್ಕೆ ಮೊದಲು ಹೊಟ್ಟೆ ಖಾಲಿ ಮಾಡಲು ಕುಡಿಯುವ ಔಷಧಿಯೇ ಘೋರ ಎಂದು ಮಾವ ಇಂದಿಗೂ ಬೈಯುತ್ತಾರೆ. ಕಬ್ಬಿಣದ ಮಾತ್ರೆಯನ್ನು ಸಾಮಾನ್ಯವಾಗಿ ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಡಾಕ್ಟರನ್ನು ಕೇಳಿಕೊಳ್ಳಿ. ನಾರಿನ ಪದಾರ್ಥಗಳನ್ನೂ ಬಿಡಬೇಕು, ಬಸಳೆ, ಕುಚ್ಚಲಕ್ಕಿ ಎಲ್ಲ. ಮಾವನಿಗೆ ಆ ದಿನಗಳಲ್ಲಿ ಸಿಕ್ಕಿದ್ದು ಬೆಳ್ತಿಗೆ ಅಕ್ಕಿಯ ಗಂಜಿ; ಅದು ಗಂಜಿಯೇ ಅಲ್ಲ ಎಂಬುದು ಅವರ ಇನ್ನೊಂದು ದೂರು.