ಗುರುಗ್ರಹದಿಂದ ಅಮ್ಮಂಗೆ ವಿಡಿಯೋ ಕಾಲ್?

ನಮಸ್ಕಾರ. ಹಾವೇರಿ ಹುಡುಗ ಗುರುಗ್ರಹದ ಚಂದ್ರ ಯುರೋಪಾಗೆ ಹೋಗೋ ನಿಮ್ಮ ಕಥೆ ಎರಡು ಸಲ ಓದ್ದೆ. ಭಾಷೆ ಚೆನ್ನಾಗಿದೆ, ರಾಕೆಟ್ ಹಾರೋ ಭಾಗ ಓದಿಸ್ಕೊಂಡು ಹೋಗತ್ತೆ, ಸರಿ. ಏಳನೇ ಪೇಜಿಗೆ ಬಂದಾಗ ಮಾತ್ರ ತಲೆ ಕೆಟ್ಟೋಯ್ತು.

"ಇಳಿದ ಕೂಡಲೇ ಕಿರಣ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ. 'ಊಟ ಆಯ್ತಾ ಮಗಾ?' 'ಈಗಷ್ಟೇ ಆಯ್ತಮ್ಮ.'"

ಅಲ್ರೀ, ಇದೇನು ಹುಬ್ಳಿಯಿಂದ ಹಾವೇರಿಗೆ ಮಾಡೋ ಫೋನಾ? ಗುರು ತೀರಾ ಹತ್ರ ಬಂದಾಗ್ಲೂ 59 ಕೋಟಿ ಕಿಲೋಮೀಟರ್ ಆಚೆ ಇರ್ತಾನೆ, ಸಿಗ್ನಲ್ ಬರಕ್ಕೇ ಸುಮಾರು 33 ನಿಮಿಷ, ದೂರ ಹೋದಾಗ 53. ಅಮ್ಮ ಕೇಳಿದ್ದು ಅವ್ನಿಗೆ ಮುಟ್ಟಿ, ಅವನ ಉತ್ತರ ವಾಪಸ್ ಬರೋಷ್ಟ್ರಲ್ಲಿ ಕಮ್ಮಿ ಅಂದ್ರೂ ಒಂದು ಗಂಟೆ ಮೇಲಾಗಿರತ್ತೆ, ಅವಳು ಪಾತ್ರೆ ತೊಳ್ದು ಹಾಲಿಗೆ ಹೆಪ್ಪು ಹಾಕಿ ಲೈಟ್ ಆರಿಸಿರ್ತಾಳೆ. ಮಂಗಳದಿಂದ್ಲೇ ಒಂದು ಕಡೆಗೆ 3ರಿಂದ 22 ನಿಮಿಷ. ಅಪೊಲೊ ಗಗನಯಾತ್ರಿಗಳು ನಮ್ಮ ಚಂದ್ರನ ಮೇಲಿಂದ ಹ್ಯೂಸ್ಟನ್‌ನಲ್ಲಿರೋ ನಾಸಾ ಕೇಂದ್ರದ ಜೊತೆ ಹರಟಿದ್ರು ಅಂದ್ರೆ ಅಲ್ಲಿಗೆ ಬರೀ ಒಂದೂಕಾಲು ಸೆಕೆಂಡು, ಅದ್ಕೆ.

ಮುಂದಿನ ಸಾಲು: "ಮೂರು ದಿನ ಮಂಜಿನ ಮೇಲೆ ಅಡ್ಡಾಡಿದ." ಮೂರು ದಿನ! ಗುರುವಿನ ಕಾಂತಕ್ಷೇತ್ರ ಹಿಡಿದಿಟ್ಕೊಂಡಿರೋ ಕಣಗಳ ಮಧ್ಯೆನೇ ಯುರೋಪಾ ಸುತ್ತೋದು, ಅಲ್ಲಿ ನೆಲದ ಮೇಲೆ ದಿನಕ್ಕೆ 5.4 ಸೀವರ್ಟ್ ವಿಕಿರಣ (ಸೀವರ್ಟ್ ಅಂದ್ರೆ ಮೈಗೆ ತಗಲೋ ವಿಕಿರಣದ ಅಳತೆ). ಐದು ಸೀವರ್ಟ್ ಒಟ್ಟಿಗೆ ಮೈಗೆ ಬಿದ್ರೆ, ಚಿಕಿತ್ಸೆ ಸಿಗ್ದಿದ್ರೆ, ಅರ್ಧಕ್ಕರ್ಧ ಜನ ಬದುಕಲ್ಲ. ನಿಮ್ಮ ಕಿರಣ ಧ್ವಜ ನೆಟ್ಟು ಸೆಲ್ಫಿ ತಗೊಳ್ತಾನೆ. ನಾಸಾದವ್ರು 2003ರಲ್ಲಿ ಗುರುವಿನ ಕಡೆ ಮನುಷ್ಯರನ್ನ ಕಳ್ಸೋದು ಹೇಗೆ ಅಂತ ಸ್ಟಡಿ ಮಾಡ್ದಾಗ ಯುರೋಪಾ ಬಿಟ್ಟು ಇನ್ನೂ ಆಚೆಗಿರೋ ಗುರುವಿನ ಇನ್ನೊಂದು ಚಂದ್ರ ಕ್ಯಾಲಿಸ್ಟೋನ ಆರಿಸ್ಕೊಂಡಿದ್ರು, ವಿಕಿರಣ ಅಲ್ಲಿ ಬಹಳ ಕಮ್ಮಿ.

ಸಿಟ್ಟು ಯಾಕೆ ಅಂದ್ರೆ, ನಾನೂ ಇದೇ ಮಾಡಿ ಬೈಸ್ಕೊಂಡಿದ್ದೆ. ವಾರಪತ್ರಿಕೆಗೆ ಸೇರಿದ ಹೊಸ್ತು, ನನ್ನ ಕಥೆಯ ಹೀರೋ ಬೆಳಗ್ಗೆ ತಿಂಡಿ ತಿಂದು ಸಾಗರದಲ್ಲಿ ಬಸ್ ಹತ್ತಿ ಮಧ್ಯಾಹ್ನದ ಊಟಕ್ಕೆ ಬೆಂಗಳೂರಲ್ಲಿದ್ದ. ನಮ್ಮ ಹಿರಿಯ ಉಪಸಂಪಾದಕರು ಏನೂ ಅನ್ಲಿಲ್ಲ, "ಮೆಜೆಸ್ಟಿಕ್‌ಗೆ ಹೋಗಿ ಸಾಗರದ ಬಸ್ ಎಷ್ಟೊತ್ತಿಗೆ ಬರತ್ತೆ ಬರ್ಕೊಂಡು ಬಾ" ಅಂದ್ರು. ಬಿಸಿಲಲ್ಲಿ ಕಾದೆ. ಸಂಜೆ ಮೇಲೆ ಬಸ್ ಬಂತು, ಇಳಿದ ಒಬ್ಬ ಹೆಂಗಸಿನ ಕಾಲು ಊದಿ ಚಪ್ಪಲಿ ಹಿಡೀತಿರ್ಲಿಲ್ಲ, ಕೈಯಲ್ಲಿ ಹಿಡ್ಕೊಂಡೇ ನಡ್ಕೊಂಡು ಹೋದ್ಲು. ಕಥೆಗೆ ಬೇಕಾಗಿದ್ದು ಆ ಕಾಲು, ನನ್ನ ಹೀರೋ ಅಲ್ಲ.

ಉಳಿದಿದ್ದೆಲ್ಲ ಹಾಗೇ ಇರ್ಲಿ. ಕಿರಣನ್ನ ಕ್ಯಾಲಿಸ್ಟೋದಲ್ಲಿ ಇಳ್ಸಿ ಏಳನೇ ಪೇಜ್ ಮತ್ತೆ ಬರೀರಿ, ಅಮ್ಮ "ಊಟ ಆಯ್ತಾ" ಅಂತ ಕಳ್ಸಿ ಫೋನ್ ಕೆಳಗಿಟ್ಟಲ್ಲಿಂದ ಶುರು ಮಾಡಿ. ತಿಂಗಳ ಕೊನೆಯೊಳಗೆ ಕಳ್ಸಿದ್ರೆ ಮುಂದಿನ ಸಂಚಿಕೆಗೆ ನೋಡ್ತೀನಿ.